ಪಡಸಾಲೆಗೆ ಬಂದ ಅವ್ವ

ನಮ್ಮೂರಿನಿಂದ ಎರಡು ಹರದಾರಿ ನಡೆದರೆ ನಿಜಾಮರ ಸೀಮೆ ಮುಗಿದು ಬೇರೊಂದು ದೇಶ ಶುರುವಾಗುತ್ತಿದ್ದ ದಿನಗಳವು. ಯಲಬುರ್ಗಾ ಕಡೆಯ ಆ ಹಳ್ಳಿಗೆ ನಮ್ಮಪ್ಪ ದೇಸಾಯರು. ಕಣ್ಣು ಹಾಯುವಷ್ಟು ದೂರ ನಮ್ಮವೇ ಹೊಲಗಳು. ಹೈದರಾಬಾದಿನ ಶಾಸನಸಭೆಯಲ್ಲಿ ಅವರಿಗೊಂದು ಕುರ್ಚಿಯೂ ಇತ್ತು. ಸಭೆಗೆಂದು ಶೇರ್ವಾನಿ ತೊಟ್ಟು ಹೊರಟರೆ ಅತ್ತರಿನ ವಾಸನೆ ಎರಡು ದಿನ ವಾಡೆಯಲ್ಲಿ ಉಳಿಯುತ್ತಿತ್ತು.

ಅಣ್ಣ ವಿರೂಪಾಕ್ಷ ಕಾಲೇಜು ಬಿಟ್ಟು ಗಡಿಯಾಚೆಯ ಶಿಬಿರ ಸೇರಿದ್ದ. ನಿಜಾಮರ ರಾಜ್ಯ ಭಾರತಕ್ಕೆ ಸೇರಬೇಕೆಂದು ಹೋರಾಡುವ ಹುಡುಗರ ಶಿಬಿರ ಅದು. ಮನೆಯಲ್ಲಿ ಅವನ ಹೆಸರನ್ನು ಯಾರೂ ಎತ್ತುತ್ತಿರಲಿಲ್ಲ. ಅವ್ವ ಮಾತ್ರ ಊಟದ ಹೊತ್ತಿಗೆ ಅವನ ತಾಟು ಇಟ್ಟು, ಅಪ್ಪನ ಹೆಜ್ಜೆ ಕೇಳಿಸಿದೊಡನೆ ತೆಗೆದುಬಿಡುತ್ತಿದ್ದಳು.

ಅದು ಸೀತನಿಯ ಕಾಲ. ಹಿತ್ತಲಲ್ಲಿ ಹಸಿ ಜೋಳದ ತೆನೆ ಸುಡುವ ವಾಸನೆ. ಒಂಬತ್ತು ವರ್ಷದ ನಾನು ಪಡಸಾಲೆಯಲ್ಲಿ ಮುನ್ಶಿ ಕರೀಂ ಸಾಹೇಬರ ಮುಂದೆ ಉರ್ದು ಬರೆಯುತ್ತಿದ್ದೆ, ಮನಸ್ಸೆಲ್ಲ ಹಿತ್ತಲಲ್ಲಿ. ಅಷ್ಟರಲ್ಲಿ ಜೀಪು ಬಂದು ನಿಂತಿತು. ಇಳಿದವರು ತಾಲ್ಲೂಕಿನ ಅಧಿಕಾರಿ, ಅಪ್ಪನ ಹಳೆಯ ಗೆಳೆಯರು. ಅಂದು ಜೊತೆಗೆ ಬಂದೂಕು ಹಿಡಿದ ನಾಲ್ವರಿದ್ದರು.

"ದೇಸಾಯರ, ಮ್ಯಾಲಿಂದ ಹುಕುಂ ಬಂದೈತಿ," ಎಂದರು ಅವರು. "ಮಗ ಬಾಗಿ ಆಗಿ ಸರಕಾರದ ಮ್ಯಾಲ ತಿರುಗಿಬಿದ್ದಾನ, ಅವಗೂ ನಮಗೂ ಸಂಬಂಧ ಇಲ್ಲ ಅಂತ ಸಹಿ ಮಾಡಿಕೊಡ್ರಿ. ಕುರ್ಚಿ ಉಳೀತೈತಿ, ಜಮೀನೂ ಉಳೀತೈತಿ."

"ಮಾಡದಿದ್ರ?"

"ಜೀಪಿನ್ಯಾಗ ನಿಮಗೂ ಜಾಗಾ ಐತ್ರಿ."

ಅಧಿಕಾರಿ ಚಾಚಿದ ಕಾಗದವನ್ನು ಅಪ್ಪ ಎರಡು ಸಲ ಓದಿದರು. ಆಮೇಲೆ ಲೇಖನಿ ಎತ್ತಿಕೊಂಡರು.

"ಬೇಟಿ, ತಲಿ ಎತ್ತಬ್ಯಾಡ. ನೀ ಬರಿ," ಎಂದರು ಮುನ್ಶಿಯವರು ಮೆಲ್ಲಗೆ. ಆದರೂ ಎತ್ತಿದೆ. ಒಳಬಾಗಿಲಲ್ಲಿ ಅವ್ವ ನಿಂತಿದ್ದಳು. ಗಂಡಸರು ಕೂತಿರುವಾಗ ಪಡಸಾಲೆಗೆ ಬರುವ ರೂಢಿ ನಮ್ಮ ಮನೆಯ ಹೆಂಗಸರಿಗಿರಲಿಲ್ಲ. ತೆನೆ ಸುಡುತ್ತಿದ್ದ ಅವಳ ಕೈಯಲ್ಲಿ ಇನ್ನೂ ಬೂದಿ ಇತ್ತು. ಹೊಸ್ತಿಲು ದಾಟಿ ನೇರ ಅಪ್ಪನೆದುರು ಬಂದಳು.

"ಸಹಿ ಮಾಡೂದಿದ್ರ ಅದರಾಗ ನನ್ನ ಹೆಸರೂ ಬರೀರಿ. ಅವನ್ನ ಹಡದಾಕಿ ನಾನು. ಅವನ ಸಂಬಂಧ ಹರಕೊಂಡ್ರ ನಂದೂ ಹರದಂಗ."

ಬಂದೂಕಿನವರೂ ನೆಲ ನೋಡಿದರು. ಅಪ್ಪ ಲೇಖನಿ ಕೆಳಗಿಟ್ಟರು. "ಸಾಹೇಬ್ರ, ನನ್ನ ಕೈಲೆ ಆಗೂದಿಲ್ರಿ."

ಅಧಿಕಾರಿ ಸಿಟ್ಟಿನಿಂದ ಮುನ್ಶಿಯವರತ್ತ ತಿರುಗಿದರು. "ಆ ಹುಡುಗ ಈ ಮನಿಗೆ ಬಂದು ಹೋಗ್ಯಾನ. ನೀವರ ಸಾಕ್ಷಿ ಹೇಳ್ರಿ."

ದೀಪಾವಳಿಗೆ ಅಣ್ಣ ಬಂದು ಹೋಗಿದ್ದನ್ನು ಮುನ್ಶಿಯವರು ಕಣ್ಣಾರೆ ಕಂಡಿದ್ದರು. ಅದನ್ನು ಹೇಳಿದರೆ ಅವ್ವನನ್ನೂ ಬಿಡುತ್ತಿರಲಿಲ್ಲ.

"ನಾ ಬರೂದು ಹುಡುಗಿಗೆ ಅಕ್ಷರ ಕಲಸಾಕರಿ," ಎಂದರು ಮುನ್ಶಿಯವರು. "ಬ್ಯಾರೆ ಏನೂ ನೋಡಿಲ್ರಿ."

ಅಪ್ಪನನ್ನು ಕೊಪ್ಪಳಕ್ಕೆ ಒಯ್ದರು. ನಾಲ್ಕು ತಿಂಗಳ ಮೇಲೆ ಬಿಟ್ಟಾಗ ಶೇರ್ವಾನಿ ಮೈಮೇಲೆ ಜೋತಾಡುತ್ತಿತ್ತು. ಸಭೆಯ ಕುರ್ಚಿ ಹೋಗಿತ್ತು. ಅವರಿಲ್ಲದ ಅಷ್ಟೂ ದಿನ ರೈತರ ಅಹವಾಲು ಕೇಳಲು ಪಡಸಾಲೆಯಲ್ಲಿ ಅವ್ವನೇ ಕೂತಳು. ತಮ್ಮವರ ಬೈಗುಳ ಕೇಳಿಯೂ ಮುನ್ಶಿಯವರು ಒಂದು ದಿನ ತಪ್ಪಿಸದೆ ಬಂದರು.

ಮುಂದೆ ಭಾರತದ ಸೈನ್ಯ ಬಂದು ನಿಜಾಮರ ಆಳ್ವಿಕೆ ಮುಗಿಯಿತು. ಆ ವಾರ ನಿಜಾಮರ ಕಡೆಯವರ ದಬ್ಬಾಳಿಕೆಗೆ ಮುಯ್ಯಿ ತೀರಿಸಿಕೊಳ್ಳುವ ಜನ ಸಾಬರ ಓಣಿಗೆ ನುಗ್ಗಿದರು. ನುಗ್ಗಿದವರಲ್ಲಿ ನಮ್ಮ ಪರಿಚಯದವರೂ ಇದ್ದರು. ಅದಾಗಿ ಎರಡು ದಿನಕ್ಕೆ ಅಣ್ಣ ಹಾರ ಹಾಕಿಸಿಕೊಂಡು ಬಾಗಿಲಿಗೆ ಬಂದ. ಅವ್ವ ಆರತಿ ಎತ್ತಲಿಲ್ಲ.

"ಮದಲ ಮುನ್ಶಿಯವರ ಮನಿಗೆ ಹೋಗಿ ಬಾರಪಾ."

ಹೋಗಿ ಬಂದವನು ಹಾರ ತೆಗೆದು ಕಟ್ಟೆಯ ಮೇಲಿಟ್ಟ. ಮನೆಯ ಬಾಗಿಲು ಮುರಿದಿತ್ತಂತೆ, ಒಳಗೆ ಯಾರೂ ಇರಲಿಲ್ಲ. ಅಪ್ಪ ಕೊಪ್ಪಳ, ಗಂಗಾವತಿಗೆಲ್ಲ ಹೇಳಿಕಳಿಸಿದರು. ಮುನ್ಶಿಯವರ ಸುದ್ದಿ ಇಂದಿಗೂ ಸಿಕ್ಕಿಲ್ಲ.

ಮುಂದೆ ಹೊಲಗಳು ಉಳುವವರ ಪಾಲಾದವು. ಅದು ನ್ಯಾಯವೇ. ವಾಡೆಯೂ ಬಿತ್ತು. ಅವಕ್ಕಾಗಿ ನಾನು ಅತ್ತವಳಲ್ಲ. ನಮ್ಮ ಮನೆ ಉಳಿಸಿದ ಮನುಷ್ಯ ಎರಡು ಓಣಿ ಆಚೆಗೇ ಇದ್ದರು. ಅಷ್ಟು ದೊಡ್ಡ ವಾಡೆಯಲ್ಲಿ ಅವರ ಮನೆಮಂದಿಗೊಂದು ಕೋಣೆ ತೆಗೆದುಕೊಡಬೇಕೆಂದು ಆ ವಾರ ನಮಗ್ಯಾರಿಗೂ ಹೊಳೆಯಲಿಲ್ಲ.