ಪಾವಿನ ತಳದ ಕಾಸು

ಗುಂಡ್ಲುಪೇಟೆಯ ನಮ್ಮ ಅಂಗಡಿಗೆ ರಾಗಿ, ಮೆಣಸಿನಕಾಯಿ, ಎಣ್ಣೆ ಕೊಳ್ಳಲು ಬರುತ್ತಿದ್ದಷ್ಟೇ ಜನ ನ್ಯಾಯ ಕೇಳಲೂ ಬರುತ್ತಿದ್ದರು. ಬಸ್ಸು ನಿಲ್ಲುವ ಜಾಗಕ್ಕೆ ಕೂಗಿದರೆ ಕೇಳುವಷ್ಟು ಹತ್ತಿರ, ಮುಂದೊಂದು ಕಲ್ಲು ಚಪ್ಪಡಿ. ಅದರ ಮೇಲೆ ಕೂತವರೆಲ್ಲ ಏನಾದರೊಂದು ತಕರಾರು ಬಿಚ್ಚುತ್ತಿದ್ದರು. ಬಾಡಿಗೆಗೆ ಚೀಟಿ ಕೊಡದ ಮಾಲೀಕ ನಾಳೆಯೇ ಮಳಿಗೆ ಬಿಡು ಅಂದರೆ ಬಿಡಬೇಕಾ? ಒಂದು ಸಾರಿ ಒಗೆದದ್ದಕ್ಕೇ ಬಣ್ಣ ಹೋದ ಸೀರೆಯನ್ನು ಜವಳಿಯವನು ವಾಪಸು ತಗೋಬೇಕಾ? ಬಳೆ ತೊಡಿಸುವಾಗ ಒಡೆದರೆ ಬಳೆಗಾರನಿಗೆ ಲುಕ್ಸಾನು ಸರಿ, ತೊಟ್ಟು ಬೀದಿ ದಾಟುವಷ್ಟರಲ್ಲಿ ಒಡೆದರೆ ಯಾರಿಗೆ?

ಇಂಥದ್ದಕ್ಕೆಲ್ಲ ನಮ್ಮತ್ತೆಯೇ ತೀರ್ಪು ಕೊಡುತ್ತಿದ್ದರು. ಹಣೆ ತುಂಬ ವಿಭೂತಿ, ಕೈಯಲ್ಲಿ ಅಳತೆಯ ಪಾವು, ಕಣ್ಣು ಗಿರಾಕಿಯ ಚೀಲದ ಮೇಲೆ. ಅಳೆಯುವುದನ್ನು ನಿಲ್ಲಿಸದೆಯೇ ಹೇಳುವರು: "ಅವಳು ಎದ್ದು ನಿಂತ್ಮೇಕೆ ಬಳೆ ಅವಳ್ದು ಕಣ್ಲಾ. ಅವಳು ಬೀದೀಲಿ ಕೈ ಬೀಸ್ಕಂಡು ಓದ್ರೆ ನೀನೇನ್ ಮಾಡೀಯೆ? ಆದ್ರೂ ಒಂದ್ ಬಳೆ ಕೊಟ್ಟುಡು. ನಾಳಿಕೆ ಅವಳ ನಾದ್ನಿ ಮದ್ವೆ ಅದೆ." ಕಾನೂನು, ಕನಿಕರ, ವ್ಯಾಪಾರ ಮೂರನ್ನೂ ಒಂದೇ ಉಸಿರಲ್ಲಿ ಕಟ್ಟಿ ಕಳಿಸುವ ಆ ಜಾಣತನವನ್ನು ನಾನು ಆಮೇಲೆ ದೊಡ್ಡ ದೊಡ್ಡ ವಕೀಲರಲ್ಲೂ ಕಾಣಲಿಲ್ಲ. ನಾನು ಮಾತು ಕಲಿತದ್ದೂ ಆ ಚಪ್ಪಡಿಯ ಪಕ್ಕದಲ್ಲೇ.

ಸಂತೆಮರಹಳ್ಳಿಯಿಂದ ನಾನು ಆ ಮನೆಗೆ ಸೊಸೆಯಾಗಿ ಬಂದಾಗ ನಮ್ಮ ಮಾವನವರು ಇರಲಿಲ್ಲ. ಅಂಗಡಿಯನ್ನು ಅತ್ತೆ ಒಬ್ಬರೇ ಎತ್ತಿ ನಿಲ್ಲಿಸಿದ್ದರು. ನಮ್ಮೆಜಮಾನರು ಚಾಮರಾಜನಗರದ ಮಂಡಿಯಿಂದ ಸಾಮಾನು ತರುವುದು, ನಾನೂ ಅತ್ತೆಯೂ ಅಳೆದು ಕೊಡುವುದು, ಹೀಗೆ ನಡೆದಿತ್ತು. ಕಿಲೋ, ಲೀಟರು ಆಗಿನ್ನೂ ನಮ್ಮ ಕಡೆ ಕಾಲಿಟ್ಟಿರಲಿಲ್ಲ. ಸೇರು, ಸೇರಿನ ಕಾಲುಭಾಗಕ್ಕೆ ಪಾವು. ನಮ್ಮಲ್ಲಿ ಹಿತ್ತಾಳೆಯ ಪಾವು ಎರಡಿದ್ದವು. ಒಂದು ಕಾಳಿಗೆ, ಇನ್ನೊಂದು ಸದಾ ಎಣ್ಣೆ ಡಬ್ಬದ ಒಳಗೇ ತೂಗಾಡುತ್ತಿದ್ದದ್ದು.

ಈ ಪಾವುಗಳ ತಳದಲ್ಲಿ ಒಂದೊಂದು ತಾಮ್ರದ ಕಾಸಿತ್ತು. ಅದರ ಕಥೆ ಹೇಳದೆ ಮುಂದೆ ಹೋಗುವಂತಿಲ್ಲ. ನಮ್ಮ ಮನೆಗಳಲ್ಲಿ ಅಳತೆಯ ಪಾತ್ರೆಯನ್ನು ಬರಿದಾಗಿ ಇಡುವುದಿಲ್ಲ. ರಾಗಿ ಅಳೆದಾದ ಮೇಲೆ ನಾಲ್ಕು ಕಾಳಾದರೂ ಅದರಲ್ಲಿ ಉಳಿಸುತ್ತೇವೆ. ಬರಿದಾದರೆ ಮನೆಯ ಹೊಟ್ಟೆಯೇ ಬರಿದಾದ ಹಾಗೆ ಎಂಬ ನಂಬಿಕೆ. ಮನೆಯಲ್ಲಾದರೆ ಸರಿ, ಅಂಗಡಿಯಲ್ಲಿ ಗಿರಾಕಿಯ ಸೆರಗಿಗೆ ಸುರಿದ ಮೇಲೆ ಒಳಗೆ ಕಾಳು ಉಳಿಸಿಕೊಂಡರೆ ಅದು ಮೋಸ. ಅದಕ್ಕೆ ನಮ್ಮ ಅತ್ತೆಯ ಅತ್ತೆ ಒಂದು ದಾರಿ ಹುಡುಕಿದ್ದರು. ಕಲಾಯಿಯವನ ಕೈಲಿ ಒಂದು ಹಳೇ ಕಾಸನ್ನು ಪಾವಿನ ತಳಕ್ಕೆ ಬೆಸುಗೆ ಹಾಕಿಸಿಬಿಟ್ಟರು. ಕಾಳೆಲ್ಲ ಗಿರಾಕಿಗೆ ಹೋಯಿತು, ಪಾವೂ ಬರಿದಾಗಲಿಲ್ಲ. ಪಾವು ಸವೆದು ಹೊಸದು ತಂದಾಗಲೆಲ್ಲ ಆಯುಧಪೂಜೆಯ ದಿನ ಕಾಸು ಹಳೆಯದರಿಂದ ಹೊಸದಕ್ಕೆ ಬರುತ್ತಿತ್ತು. ಹೊರಗೆ ಸರ್ಕಾರದ ಮುದ್ರೆ, ಒಳಗೆ ನಮ್ಮ ಲಕ್ಷ್ಮಿ. ಕಾಸು ಕೂತಷ್ಟು ಜಾಗದ ಕಾಳು ಗಿರಾಕಿಗೆ ಕಡಿಮೆ ಬೀಳುತ್ತದೆ ಎಂದು ನಮ್ಮ ಮನೆಯ ಯಾರಿಗೂ ಹೊಳೆದಿರಲಿಲ್ಲ. ಹೊಳೆಯುವುದಾದರೂ ಹೇಗೆ? ನಾವು ಕಾಳನ್ನು ಗೋಪುರ ಕಟ್ಟಿ ಅಳೆಯುತ್ತಿದ್ದೆವು. ಇನ್ನೊಂದು ಕಾಳು ಇಟ್ಟರೆ ಜಾರಬೇಕು, ಅಷ್ಟು.

ಒಂದು ದಿನ ಹೊಸದಾಗಿ ಬಂದ ತೂಕ ಅಳತೆಯ ಇನ್‌ಸ್ಪೆಕ್ಟರು ಅಂಗಡಿಗೆ ಬಂದರು. ಹಿಂದಿನವರು ಹೊರಗಿನ ಮುದ್ರೆ ನೋಡಿ, ಒಂದು ಚೂರು ಬೆಲ್ಲ ಬಾಯಿಗೆ ಹಾಕಿಕೊಂಡು ಹೋಗುತ್ತಿದ್ದರು. ಇವರು ಬೆಲ್ಲ ಮುಟ್ಟಲಿಲ್ಲ. ಕಾಳಿನ ಪಾವಿನೊಳಗೆ ಇಣುಕಿದರು.

"ಇದೇನಮ್ಮಾ ಇದು?"

"ಲಕ್ಷ್ಮಿ ಸ್ವಾಮಿ."

"ಲಕ್ಷ್ಮಿ ಕೂತಷ್ಟು ಜಾಗದಲ್ಲಿ ರಾಗಿ ಕೂರಲ್ಲವಲ್ಲ. ಇದು ಕಳ್ಳ ಅಳತೆ."

ಅತ್ತೆಯ ಮುಖ ಕೆಂಪಾಯಿತು. "ಕಳ್ಳ ಅನ್ಬೇಡಿ. ಇಲ್ಲಿ ಕಾಳಾಕೋಳು ಗೋಪುರ ಕಟ್ಟಿ ಆಕ್ತಳೆ. ಬೇಕಾರೆ ಇಲ್ಲಿ ನಿಂತೋರ್ನೆಲ್ಲ ಕೇಳಿ."

ಇನ್‌ಸ್ಪೆಕ್ಟರು ಕೆಟ್ಟವರೇನಲ್ಲ. ಇಬ್ಬರು ನೆರೆಯವರನ್ನು ಸಾಕ್ಷಿಗೆ ಕರೆದು, ಮಹಜರು ಬರೆದು, ಪಾವನ್ನು ಬಟ್ಟೆಯಲ್ಲಿ ಕಟ್ಟಿ ಅರಗಿನ ಮುದ್ರೆ ಒತ್ತಿದರು. ಆಮೇಲೆ ಮೆಲ್ಲಗೆ, "ತಪ್ಪು ಒಪ್ಪಿಕೊಂಡರೆ ಸಣ್ಣ ದಂಡದಲ್ಲಿ ಮುಗಿಯುತ್ತೆ. ಇಲ್ಲದಿದ್ದರೆ ಚಾಮರಾಜನಗರದ ಕೋರ್ಟಿಗೆ ಅಲೆಯಬೇಕಾಗುತ್ತೆ" ಎಂದರು.

"ಪಾವು ತಕಂಡೋಗಿ," ಅಂದರು ಅತ್ತೆ. "ತಪ್ಪು ಮಾತ್ರ ನಾನು ಒಪ್ಪಾಕಿಲ್ಲ."

ಸಂಜೆ ನಮ್ಮೆಜಮಾನರು ಬಂದು ಸುದ್ದಿ ಕೇಳಿ ತಲೆ ಮೇಲೆ ಕೈಹೊತ್ತರು. "ಕಟ್ಬುಡು ಕಣವ್ವಾ ಅತ್ಲಾಗೆ. ಯಾರ್ ಕಟ್ಟಾಕಿಲ್ಲ? ಮಂಡೀಲಿ ಎಲ್ಲಾರೂ ಕಟ್ತರೆ."

"ಎಲ್ಲಾರೂ ಕಟ್ಲಿ. ದಂಡ ಕಟ್ಟಿದ್ ದಿನ್ವೇ ಕಳ್ಳ ಅಳ್ತೆಯೋಳು ಅಂತ ಎಸ್ರು ಬರ್ದಂಗಾಯ್ತದೆ. ಆಮೇಕೆ ಬೆಲ್ಲದ್ ಮೇಲೆ ಕೂತ ನೊಣವೂ ನನ್ ಅಂಗ್ಡಿಗೆ ಬರಾಕಿಲ್ಲ ಕಣ್ಲಾ."

ಅಂಗಡಿ ಉಳಿಯುವುದೂ ಬಿಡುವುದೂ ಆ ಒಂದು ಹೆಸರಿನ ಮೇಲಿತ್ತು. ಎದುರಿಗೆ ಇನ್ನೊಂದು ದಿನಸಿ ಅಂಗಡಿ ಆಗಲೇ ಬಾಗಿಲು ತೆರೆದು ಕೂತಿತ್ತು.

ಮುಂದಿನ ವಾರ ನಾನೂ ಅತ್ತೆಯೂ ಬಸ್ಸು ಹತ್ತಿ, ತೆರಕಣಾಂಬಿಯ ಮೇಲೆ ಚಾಮರಾಜನಗರಕ್ಕೆ ಹೋಗಿ ಒಬ್ಬ ವಕೀಲರನ್ನು ಕಂಡೆವು. ವಯಸ್ಸಾದವರು, ಸಮಾಧಾನಿ. ಎಲ್ಲ ಕೇಳಿಕೊಂಡು ಹೇಳಿದರು: "ಅಳತೆ ಕಡಿಮೆ ಇದೆ ಅನ್ನೋದು ಒಂದು ಮಾತು. ಮೋಸ ಮಾಡಬೇಕು ಅಂತಲೇ ಇಟ್ಟುಕೊಂಡಿದ್ದಿರಿ ಅನ್ನೋದು ಇನ್ನೊಂದು. ಅವರು ಎರಡನೆಯದನ್ನೂ ತೋರಿಸಬೇಕು. ಗೋಪುರ ಕಟ್ಟಿ ಕೊಡೋರು ಮೋಸಕ್ಕೆ ಕಾಸು ಹಾಕ್ತಾರೆಯೇ ಅಂತ ನಾನು ಕೇಳ್ತೇನೆ. ಗೆಲ್ಲಬಹುದು." ಕಾಗದ ಮಡಚುತ್ತಾ ಸುಮ್ಮನೆ ಮಾತಿಗೆಂಬಂತೆ ಕೇಳಿದರು, "ಕಾಸು ಇದ್ದದ್ದು ಆ ಒಂದು ಪಾವಿನಲ್ಲಿ ಮಾತ್ರ ತಾನೇ?"

ಅತ್ತೆ ತಟ್ಟನೆ ತಿರುಗಿ ನನ್ನ ಕಡೆ ನೋಡಿದರು. ನನಗೂ ಆಗಲೇ ಹೊಳೆದದ್ದು. ರಾಗಿಗೆ ಗೋಪುರ ನಿಲ್ಲುತ್ತದೆ. ಎಣ್ಣೆಗೆ?

ವಕೀಲರಿಗೆ ನಮ್ಮ ಮುಖ ನೋಡಿಯೇ ಗೊತ್ತಾಯಿತು. "ಇನ್‌ಸ್ಪೆಕ್ಟರು ಅದನ್ನ ನೋಡಿಲ್ಲ ಅಲ್ವೇ? ಹಾಗಾದರೆ ಆ ಮಾತು ಇಲ್ಲಿಗೇ ಮುಗೀತು. ಯಾರೂ ಕೇಳದ್ದಕ್ಕೆ ನೀವು ಉತ್ತರ ಹೇಳಬೇಕಾಗಿಲ್ಲ. ಇದು ನಾನು ಹೇಳ್ತಿರೋದಲ್ಲ, ಕಾನೂನೇ ಹೇಳುತ್ತೆ."

ಅತ್ತೆ ಮನೆ ಸೇರಿದವರೇ ಸೀರೆ ಕೂಡ ಬದಲಾಯಿಸದೆ ಡಬ್ಬದೊಳಗೆ ಕೈಬಿಟ್ಟು ಎಣ್ಣೆಯ ಪಾವನ್ನು ಮೇಲಕ್ಕೆತ್ತಿದರು. ವರ್ಷಗಳ ಜಿಡ್ಡು ಕಪ್ಪಗೆ ಕಟ್ಟಿತ್ತು. ಹುಣಿಸೆಹಣ್ಣು ಬೂದಿ ಹಾಕಿ ತಿಕ್ಕತೊಡಗಿದರು. ಕಾಸು ಹೊಳೆಯುತ್ತಾ ಮೇಲೆ ಬಂತು, ಸೂರ್ಯ ಹುಟ್ಟಿದ ಹಾಗೆ. ಚೆಲುವಾಗಿಯೇ ಇತ್ತು, ಅದೇ ಕಷ್ಟ.

"ನೋಡ್ದಾ ಕಣಮ್ಮಿ," ಅಂದರು. "ಕಳ್ಳಿ ಅಲ್ಲ ಕಳ್ಳಿ ಅಲ್ಲ ಅಂತ ಬಡ್ಕಂಡು ಬಂದೆ. ಎಣ್ಣೆ ತಕಂಡೋರ ಮುಂದೆ ಎಂಗೆ ನಿಂತ್ಕಳನ?"

"ಬೇಕಂತ ಮಾಡಿದ್ದಲ್ಲವಲ್ಲ ಅತ್ತೆ."

"ಬೇಕಂತ ಮಾಡ್ನಿಲ್ಲ. ಅವರ್ ಸೀಸೇಲಿ ಕಮ್ಮಿ ಬಿದ್ದದ್ದು ಮಾತ್ರ ದಿಟ."

ಬೆಳಗಾಗುತ್ತಲೇ ಕಲಾಯಿಯವನನ್ನು ಕರೆಸಿ ಕಾಸನ್ನು ಬಿಡಿಸಿದರು. ಆಮೇಲೆ ಡಬ್ಬ, ಪಾವು, ನನ್ನನ್ನು ಹೊರಡಿಸಿಕೊಂಡು ಬೀದಿಗಿಳಿದರು. ನಮ್ಮಲ್ಲಿ ಎಣ್ಣೆ ಕೊಳ್ಳುವ ಮನೆಮನೆಗೂ ಹೋಗಿ ತಪ್ಪಿನ ಬಾಬ್ತು ಎಂದು ಅಳೆದು ಕೊಡುವುದು. ನಮ್ಮೆಜಮಾನರು ಬಾಗಿಲಿಗೆ ಅಡ್ಡ ನಿಂತರು. "ಅವ್ವಾ, ಕೋರ್ಟಲ್ಲಿ ಕೇಸ್ ಇಟ್ಕಂಡು ನಿನ್ ಮೇಲೆ ನೀನೇ ಡಂಗೂರ ಒಡಿಸ್ತೀಯಾ? ಉಚ್ಚು ಇಡ್ದದಾ?"

"ಉಚ್ಚು ಈಗ ಬುಡ್ತು. ಜರುಗು."

ಕೆಲವರು ನಕ್ಕರು. ಕೆಲವರು ಇನ್ನೊಂದು ಸೀಸೆಯನ್ನೂ ತಂದರು. ಬಸ್‌ಸ್ಟ್ಯಾಂಡಿನ ಬಳಿ ಚಾ ಕಾಯಿಸುತ್ತಿದ್ದ ಮಲಯಾಳದವನು, "ಚೇಚೀ, ದಿನಾ ಕೇಸ್ ಹಾಕಿಸ್ಕೊಳ್ಳಿ, ನಂಗೆ ಲಾಭ" ಅಂದ. ಇನ್‌ಸ್ಪೆಕ್ಟರ ಹೆಂಡತಿಯೂ ನಮ್ಮ ಗಿರಾಕಿಯೇ. ಆ ಮನೆಗೆ ನಾನೇ ಕೊಟ್ಟು ಬಂದೆ. ಸಂಜೆಯೊಳಗೆ ಅವರ ಜವಾನ ಚೊಂಬು ಸಮೇತ ಎಣ್ಣೆ ವಾಪಸು ತಂದಿಟ್ಟು ಹೋದ.

ಸೌದೆ ಹೊರುವ ಹೆಂಗಸೊಬ್ಬಳಿದ್ದಳು. ಕಾಡಿನ ಕಡೆಯಿಂದ ಹೊರೆ ತಂದು ಮಾರಿ, ವಾರಕ್ಕೊಮ್ಮೆ ಒಂದು ಪಾವು ಎಣ್ಣೆ ಒಯ್ಯುವವಳು. ಅವಳು ಮಾತ್ರ ನಗಲಿಲ್ಲ.

"ಅಂಗಾರೆ ಇಷ್ಟ್ ದಿನ್ವೂ ನಂಗೆ ಕಮ್ಮಿ ಕೊಟ್ಯಾ ಅವ್ವ?"

"ಊಂ ಕಣವ್ವ. ಕಾಣ್ದೆ ಕೊಟ್ಟೆ."

"ನಿಂಗೆ ಕಾಣ್ನಿಲ್ಲ. ನಂಗಂತೂ ತೋರಿಸ್ನೇ ಇಲ್ಲ." ಎಣ್ಣೆ ತೆಗೆದುಕೊಂಡಳು, ಬಾಗಿಲು ಹಾಕಿಕೊಂಡಳು. ಮಾರನೆಯ ವಾರ ಎದುರಂಗಡಿಯ ಮುಂದೆ ನಿಂತಿದ್ದಳು. ಅವಳ ಹಿಂದೆ ಇನ್ನೂ ಕೆಲವರು. ಅತ್ತೆ ನೋಡಿದರು. ನಮ್ಮ ಚಪ್ಪಡಿಯ ಮೇಲೆ ನ್ಯಾಯ ಕೇಳುವವರೂ ಕಡಿಮೆಯಾದರು.

ಕೋರ್ಟಿನ ದಿನ ಬಂತು. ಮ್ಯಾಜಿಸ್ಟ್ರೇಟರು ವಯಸ್ಸಿನಲ್ಲಿ ಚಿಕ್ಕವರು, ಕನ್ನಡದಲ್ಲೇ ಕೇಳುತ್ತಿದ್ದರು. ಇನ್‌ಸ್ಪೆಕ್ಟರು ಸರ್ಕಾರಿ ಪಾವಿನ ತುಂಬ ನೀರು ತಂದು ನಮ್ಮ ಪಾವಿಗೆ ಸುರಿದರು. ನಮ್ಮದು ತುಂಬಿ ಹೊರಕ್ಕೆ ಚೆಲ್ಲಿತು. ಆ ನೀರು ಮೇಜಿನ ಮೇಲೆಲ್ಲ ಹರಿಯಿತು. ಆಮೇಲೆ ವಕೀಲರ ಕೋರಿಕೆಯ ಮೇಲೆ ಪಾವನ್ನು ಒರೆಸಿ, ಅತ್ತೆಯ ಕೈಗೆ ರಾಗಿ ಕೊಟ್ಟು, ಅಂಗಡಿಯಲ್ಲಿ ಅಳೆಯುವ ಹಾಗೆಯೇ ಅಳೆಯಿರಿ ಎಂದರು. ಅತ್ತೆ ಗೋಪುರ ಕಟ್ಟಿದರು. ಅದನ್ನು ಸರ್ಕಾರಿ ಪಾವಿಗೆ ಸುರಿದಾಗ ಅದೂ ತುಂಬಿ ಚೆಲ್ಲಿತು. ಕೋರ್ಟಿನಲ್ಲಿ ನಗೆ ಎದ್ದಿತು.

ಮ್ಯಾಜಿಸ್ಟ್ರೇಟರು ನಗಲಿಲ್ಲ. "ಅಮ್ಮಾ, ಕಾನೂನು ನೋಡುವುದು ಪಾತ್ರೆಯನ್ನು. ಗೋಪುರ ನಿಮ್ಮ ಮನಸ್ಸಿಗೆ ಬಿಟ್ಟದ್ದು. ನಾಳೆ ನಿಮ್ಮ ಮನಸ್ಸು ಬದಲಾದರೆ, ಕೊಳ್ಳುವವರು ಯಾವುದನ್ನು ನಂಬಬೇಕು?"

ಅತ್ತೆ ತಲೆಯಾಡಿಸಿದರು. "ಅದು ಸರಿ ಸ್ವಾಮಿ. ಇನ್ನೊಂದು ಮಾತದೆ." ವಕೀಲರು ಕೆಮ್ಮಿದರು. ಅತ್ತೆ ಅತ್ತ ತಿರುಗಲಿಲ್ಲ. "ಎಣ್ಣೆ ಪಾವಲ್ಲೂ ಕಾಸಿತ್ತು. ಎಣ್ಣೆಗೆ ಗೋಪುರ ನಿಲ್ಲಾಕಿಲ್ಲ. ಅದ್ರಲ್ಲಿ ಜನಕ್ಕೆ ಕಮ್ಮಿ ಬಿದ್ದದೆ. ಗೊತ್ತಾದ್ ಮಾರ್ನೆ ದಿನ ಕಾಸು ಕೀಳಿಸಿ, ಮನೆ ಮನೆಗೂ ಅಳ್ದು ಕೊಟ್ಟು ಬಂದಿವ್ನಿ. ಕಮ್ಮಿ ಕೊಟ್ಟಿವ್ನಿ ಅಂದ್ರೆ ಊಂ ಅಂತೀನಿ. ಮೋಸ ಮಾಡಿವ್ನಿ ಅಂದ್ರೆ ಸಾಯೋಗಂಟ ಒಪ್ಪಾಕಿಲ್ಲ."

"ಇದನ್ನು ನಿಮ್ಮನ್ನು ಯಾರು ಕೇಳಿದರು?"

"ಯಾರೂ ಕೇಳ್ನಿಲ್ಲ ಸ್ವಾಮಿ. ಅದ್ಕೇ ನಾನೇ ಏಳ್ದೆ."

ಮ್ಯಾಜಿಸ್ಟ್ರೇಟರು ಇನ್‌ಸ್ಪೆಕ್ಟರ ಕಡೆ ತಿರುಗಿ, ಎಣ್ಣೆ ಹಂಚಿದ್ದು ನಿಜವೇ ಎಂದರು. ಇನ್‌ಸ್ಪೆಕ್ಟರು ಹೇಳಿದರು, "ನಿಜ ಸ್ವಾಮಿ. ನಮ್ಮ ಮನೆಗೂ ಬಂದಿತ್ತು. ನಾನು ಲಂಚ ಅಂದುಕೊಂಡು ವಾಪಸು ಕಳಿಸಿದೆ."

ಈ ಸಾರಿ ಮ್ಯಾಜಿಸ್ಟ್ರೇಟರಿಗೂ ನಗು ತಡೆಯಲಾಗಲಿಲ್ಲ.

ಊಟದ ಹೊತ್ತಿನ ನಂತರ ತೀರ್ಪು ಓದಿದರು. ಅಳತೆ ಕಡಿಮೆ ಇದ್ದದ್ದು ಸಾಬೀತಾಗಿದೆ, ಮೋಸದ ಉದ್ದೇಶ ಸಾಬೀತಾಗಿಲ್ಲ, ಬಿಡುಗಡೆ. ಎರಡು ಪಾವನ್ನೂ ಸರಿಪಡಿಸಿ ಮುದ್ರೆ ಹಾಕಿಸಿಕೊಳ್ಳಬೇಕು. ಕೊನೆಗೆ ತಲೆಯೆತ್ತಿ, "ಇನ್ನು ಮೇಲೆ ಗೊತ್ತಿರಲಿಲ್ಲ ಎನ್ನುವ ಹಾಗಿಲ್ಲಮ್ಮ" ಎಂದರು. ಅತ್ತೆ ಕೈಮುಗಿದರು.

ವಕೀಲರು ಹೊರಗೆ ಬಂದು ಬೆವರು ಒರೆಸಿಕೊಂಡು, "ಮುಂದಿನ ಸಲ ವಕೀಲರನ್ನ ಇಟ್ಕೋಬೇಡಿ ತಾಯಿ, ಸುಮ್ಮನೆ ದಂಡ" ಎಂದರು.

ಗೆದ್ದೆವೆಂದು ನಾನು ಹಿಗ್ಗಿದೆ. ಬದನಗುಪ್ಪೆ ಕಡೆಯ ನಮ್ಮ ನೆಂಟರ ಮನೆಗೆ ಹೋಗಿ ಪಾಯಸ ಉಂಡು ಬರೋಣ ಎಂದೆ. ಅತ್ತೆ ಬಸ್ಸಿನ ದಾರಿ ಹಿಡಿದಿದ್ದರು. "ಊರಿಗೆ ಓಗನ ನಡಿ. ಪಾಯ್ಸ ಉಣ್ಣೋ ಅಂತದ್ದು ಏನಾಗದೆ? ಕೋರ್ಟು ಬುಡ್ತು. ಊರು ಬುಟ್ಟದಾ?"

ಹೊಸ ಮುದ್ರೆಯ ಪಾವು ಬಂದ ಮೇಲೆ ಅತ್ತೆ ಹೊಸ ಪದ್ಧತಿ ಹಾಕಿದರು. ಕಾಳನ್ನು ಕೋಲಿನಲ್ಲಿ ತಲೆ ಸವರಿ ಕಾನೂನಿನ ಪ್ರಕಾರ ಅಳೆಯುವುದು, ಆಮೇಲೆ ಕೊಸರೆಂದು ಒಂದು ಹಿಡಿ ಬೇರೆಯಾಗಿ ಹಾಕುವುದು. ಅಳತೆ ಬೇರೆ, ಪ್ರೀತಿ ಬೇರೆ, ಎರಡನ್ನೂ ಗಿರಾಕಿ ಕಣ್ಣಾರೆ ಕಾಣಬೇಕು. ಮೊದಮೊದಲು ಸವರಿದ್ದಕ್ಕೇ ಗೊಣಗಿದವರಿದ್ದರು. ಅತ್ತೆ ಕೋಲು ಬಿಡಲಿಲ್ಲ. ಪಾವಿನಿಂದ ಬಿಡಿಸಿದ ಎರಡು ಕಾಸೂ ದೇವರ ಗೂಡು ಸೇರಿದವು.

ಸೌದೆ ಹೊರುವವಳು ಬಂದದ್ದು ಹಲವು ವಾರಗಳು ಕಳೆದ ಮೇಲೆ. ಹೊರೆಯನ್ನು ಚಪ್ಪಡಿಗೆ ಆನಿಸಿ ಸೀಸೆ ಮುಂದಿಟ್ಟಳು. ನಾನು ಪಾವನ್ನು ಎಣ್ಣೆಗೆ ಅದ್ದಲು ಹೋದೆ.

"ತಡಿ," ಅಂದಳು. "ಕೋರ್ಟ್ನೋರು ನೋಡುದ್ರಂತೆ. ನಾನ್ ನೋಡ್ಬೇಡ್ವಾ?"

ನನಗೆ ಚುಳ್ಳೆಂದಿತು. ಬಾಯಿ ತೆರೆಯುವಷ್ಟರಲ್ಲಿ ಅತ್ತೆ ನನ್ನ ಕೈಯಿಂದ ಪಾವನ್ನು ತೆಗೆದುಕೊಂಡು, ತಮ್ಮ ಸೆರಗಿನಿಂದಲೇ ಒಳಗೆಲ್ಲ ಒರೆಸಿ ಅವಳ ಕೈಗೆ ಕೊಟ್ಟರು. ಅವಳು ಬಿಸಿಲಿಗೆ ಹಿಡಿದು ನೋಡಿದಳು. ಬೆರಳು ಬಿಟ್ಟು ತಳವನ್ನು ಉಗುರಿನಿಂದ ಕೆರೆದಳು. ತಿರುಗಿಸಿ ಮುದ್ರೆ ನೋಡಿದಳು, ಅದೇನೆಂದು ಅವಳಿಗೆ ಓದಲು ಬಾರದಿದ್ದರೂ. ಬಸ್ಸಿಗೆ ಕಾದಿದ್ದವರು, ಚಾ ಕುಡಿಯುತ್ತಿದ್ದವರು ಎಲ್ಲರೂ ನೋಡುತ್ತಿದ್ದರು. ಅತ್ತೆ ಆತುರಪಡಿಸಲಿಲ್ಲ.

"ಊಂ," ಅಂದಳು ಕೊನೆಗೆ. "ಉಯ್ಯಿ."

ಅತ್ತೆ ಪಾವು ತುಂಬಿ ಅವಳ ಸೀಸೆಗೆ ಹೊಯ್ದರು. ಹೊಯ್ದ ಮೇಲೂ, ಕೊನೆಯ ಎಳೆ ಹನಿಯಾಗಿ, ಹನಿ ನಿಲ್ಲುವ ತನಕ ಪಾವನ್ನು ಸೀಸೆಯ ಬಾಯಿಗೆ ಬೋರಲು ಹಿಡಿದೇ ಇದ್ದರು.