ಲಂಡನ್ ದಾಟಿಯೇ ಬರಬೇಕಿದ್ದ ಬಟ್ಟೆ

ಅಮೆರಿಕದ ಕ್ಯಾರಲ್ಟನ್‌ನ ಶಾಲೆಯೊಂದರಲ್ಲಿ ನಾನು ಎಂಟನೆಯ ತರಗತಿಗೆ ಆ ದೇಶದ ಚರಿತ್ರೆ ಕಲಿಸುತ್ತಿದ್ದೆ. ಇಂಗ್ಲಿಷರ ವಸಾಹತುಗಳ ವ್ಯಾಪಾರ ನೀತಿ ಬಂತೆಂದರೆ ಮಕ್ಕಳು ಆಕಳಿಸುತ್ತಿದ್ದರು. ಹಾಗಾಗಿ ಒಂದು ವರ್ಷ ಅವರ ಡೆಸ್ಕುಗಳನ್ನೇ ವಸಾಹತುಗಳನ್ನಾಗಿ ಮಾಡಿದೆ. ಎಲ್ಲರಿಗೂ ಉಣ್ಣೆಯ ನೂಲು ಕೊಟ್ಟು ಪಟ್ಟಿ ಹೆಣೆಯಲು ಹೇಳಿದೆ. ಹೆಣೆದದ್ದನ್ನು ಪಕ್ಕದ ಡೆಸ್ಕಿಗೆ ಕೊಡುವಂತಿಲ್ಲ; ವಸಾಹತುಗಳ ಉಣ್ಣೆಗೆ ಇಂಗ್ಲೆಂಡ್ ಮಾಡಿದ್ದ ಕಾನೂನೂ ಅದೇ. ಹೊರಗಿನಿಂದ ಏನೇ ಬಂದರೂ ನನ್ನ ಮೇಜಿನ ಮೂಲಕವೇ ಬರಬೇಕು. ಆ ಮೇಜು ಲಂಡನ್.

ಹತ್ತೇ ನಿಮಿಷದಲ್ಲಿ ಒಬ್ಬ ಹುಡುಗಿ ಡೆಸ್ಕಿನ ಕೆಳಗಿಂದ ಪಟ್ಟಿಯನ್ನು ಗೆಳತಿಗೆ ದಾಟಿಸಿದಳು. ಕಾನೂನು ಮುರಿದೆಯಲ್ಲ ಎಂದೆ.

"ಹೆಣೆದಿದ್ದು ನಾನು. ಬೇಡ ಅನ್ನೋಕೆ ನೀವ್ಯಾರು?"

ಪಾಠ ಅವಳಿಗೆ ಅರ್ಥವಾಗಿತ್ತು. ಆಗ, ನಮ್ಮವ್ವ ಗುಳೇದಗುಡ್ಡದ ಮಗ್ಗದಲ್ಲಿ ನೇಯ್ದ ಕುಪ್ಪಸದ ಖಣವನ್ನು ಚೀಲದಿಂದ ತೆಗೆದು ತೋರಿಸಿದೆ. ಇಂಡಿಯಾದ ಅಚ್ಚಿನ ಹತ್ತಿಬಟ್ಟೆಯನ್ನು ತನ್ನ ಜನ ತೊಡಬಾರದೆಂದ ಇಂಗ್ಲೆಂಡ್, ಅದನ್ನೇ ಹಡಗಿಗೆ ತುಂಬಿ ಇಲ್ಲಿಗೆ ತಂದು ಮಾರುತ್ತಿತ್ತು ಎಂದೆ. ನಿಮ್ಮ ಉಣ್ಣೆಗೂ ನಮ್ಮ ಹತ್ತಿಗೂ ಬೇಲಿ ಹಾಕಿದವರು ಒಬ್ಬರೇ.

ವಿಭಾಗದ ಮುಖ್ಯಸ್ಥರು ಬಾಗಿಲಲ್ಲಿ ನಿಂತು ಕೇಳಿಸಿಕೊಂಡಿದ್ದರು. ಆಮೇಲೆ ಕರೆದು, "ಇದು ಅಮೆರಿಕದ ಚರಿತ್ರೆ. ಇಂಡಿಯಾ ಬೇಡ, ವರ್ಕ್‌ಶೀಟ್ ಸಾಕು" ಎಂದರು.

"ಬಾಸ್ಟನ್ನಿನಲ್ಲಿ ನೀರಿಗೆಸೆದ ಚಹಾ ಯಾವ ಕಂಪನಿಯದು? ನಮ್ಮನ್ನು ಆಳಿದ ಕಂಪನಿಯದೇ."

"ನಾಳೆ ಬಂದು ಕೂರ್ತೀನಿ" ಎಂದಷ್ಟೇ ಹೇಳಿದರು.

ಊರಿಂದ ಬಂದು ನಮ್ಮ ಜೊತೆಗಿದ್ದ ಅವ್ವ ಸಂಜೆ ರೊಟ್ಟಿ ಬಡಿಯುತ್ತಿದ್ದಳು. ನಡೆದದ್ದನ್ನು ಹೇಳಿದೆ.

"ನೀ ಸುಳ್ಳ ಹೇಳೀಯೇನು?"

"ಇಲ್ಲವ್ವ."

"ಹಂಗಾರ ನಾಳೆನೂ ಒಯ್ಯಿ. ಇಸ್ತ್ರಿ ಮಾಡಿ ಕೊಡ್ತೀನಿ."

ಮರುದಿನ ಮತ್ತೊಂದು ಸೆಕ್ಷನ್ನಿಗೆ ಅದೇ ಪಾಠ. ಮುಖ್ಯಸ್ಥರು ಹಿಂದಿನ ಸಾಲಿನಲ್ಲಿ ಕೂತಿದ್ದರು. ಹಿಂದಿನ ದಿನದ ಒಂದು ಮಾತನ್ನೂ ಬಿಡಲಿಲ್ಲ. ಖಣ ಕೈಯಿಂದ ಕೈಗೆ ಹೋಗಿ ಅವರನ್ನೂ ಮುಟ್ಟಿತು. ನೋಡದೆಯೇ ಪಕ್ಕಕ್ಕೆ ದಾಟಿಸಿದರು.

ವಾರದ ನಂತರ ನನ್ನ ಮುಂದೆ ಒಂದು ಕಾಗದ ಇಟ್ಟರು. ನಾನು ಪಠ್ಯದ ಹೊರಗಿನದನ್ನು ಕಲಿಸಿದ್ದೇನೆ ಎಂದು ಅದರಲ್ಲಿತ್ತು, ಓದಿದ್ದೇನೆಂದು ಸಹಿ ಹಾಕಬೇಕು. ಹಾಕಿದೆ. ಸಹಿಯ ಮೇಲೆ ಕನ್ನಡದಲ್ಲಿ 'ಒಪ್ಪಿಲ್ಲ' ಎಂದೂ ಬರೆದೆ. ಏನದು ಎಂದು ಕೇಳಿದರು. ಅರ್ಥ ಹೇಳಿದೆ.

ಮುಂದಿನ ವರ್ಷ ನನಗೆ ಎಂಟನೆಯ ತರಗತಿ ಕೊಡಲಿಲ್ಲ, ಆರನೆಯದಕ್ಕೆ ಹಾಕಿದರು. ಅಲ್ಲಿ ಪ್ರಪಂಚದ ದೇಶಗಳ ಪಾಠ. ಇಂಡಿಯಾದ ಸರದಿ ಬಂದ ದಿನ, ಬೋರ್ಡಿನ ಮೇಲೆ ಮೊದಲು ಅಮೆರಿಕದ ಹದಿಮೂರು ವಸಾಹತುಗಳ ನಕ್ಷೆ ಬರೆದೆ.