ಎಸ್ಕೊನ ಹೊಸ ಲಾರಿ

ಫಿನ್ಲೆಂಡಿನ ಕಾಡಿನಿಂದ ಕಾಗದದ ಕಾರ್ಖಾನೆಗೆ ದಿಮ್ಮಿ ಸಾಗಿಸುವ ಎಸ್ಕೊ, ಅರವತ್ತರ ಹತ್ತಿರ ಬಂದು ಹೊಸ ಲಾರಿ ಕೊಂಡದ್ದೇ ಬಾಣಂತಿಯಾಗಿಬಿಟ್ಟ. ತಿಂಗಳುಗಟ್ಟಲೆ ಆಯಿಲ್ ಮುಟ್ಟಬೇಡ ಎಂದು ಕಂಪನಿಯ ಪುಸ್ತಕ ಹೇಳಿದರೂ, ಹೊಸ ಇಂಜಿನ್ ಮೊದಮೊದಲು ಕಬ್ಬಿಣದ ಪುಡಿ ಉದುರಿಸುತ್ತದೆಂದು ಇವನು ಮೊದಲ ವಾರವೇ ಲಾರಿಯಡಿ ತೂರಿ ಆಯಿಲ್ ಇಳಿಸಿದ. ಹೆಂಡತಿ ಲೆಂಪಿಯ ಕಾಫಿ ಸೋಸುವ ಕಾಗದದಲ್ಲೇ ಅದನ್ನು ಸೋಸಿ, ಬೆರಳಲ್ಲಿ ಉಜ್ಜಿ, ಮೂಸಿ ನೋಡಿದ. ನಾಲಿಗೆಗೂ ತಾಗಿಸಿದ ಎಂದು ಲೆಂಪಿ ಊರೆಲ್ಲ ಸಾರಿದಳು. "ಮೂರು ಮಕ್ಕಳ ಚಡ್ಡಿ ಒಂದು ಸಲವೂ ಬದಲಿಸಿದವನಲ್ಲ ಮಾರಾಯಾ, ಇದಕ್ಕೆ ತಿಂಗಳಿಗೆ ಎರಡು ಸಲವಾ?" ಎಂದು ಅವಳು ಕೇಳಿದರೆ, "ಕೂಸುಗಳು ಅತ್ತು ಹೇಳ್ತಿದ್ವು. ಇದು ಹೇಳುತ್ತಾ?" ಎಂದು ಮತ್ತೆ ಲಾರಿಯಡಿ ತೂರುತ್ತಿದ್ದ. ಒಂದು ದಿನ ಮೆಕ್ಯಾನಿಕ್ ರೈನೆ ತಾಳಲಾರದೆ, "ಹಳೇ ಡಬ್ಬಾಗಳನ್ನ ವರ್ಷಗಟ್ಟಲೆ ಒಂದೇ ಆಯಿಲಲ್ಲಿ ಓಡಿಸಿದೋನು ನೀನು. ಈಗೇನಪ್ಪ ಬಂತು ನಿಂಗೆ?" ಎಂದು ರೇಗಿಸಿದ. ಎಸ್ಕೊ ಕೈ ಒರೆಸಿಕೊಂಡ. "ಅವೆಲ್ಲ ಯಾರೋ ಓಡಿಸಿ ಬಿಟ್ಟ ಗಾಡಿಗಳು ಕಣೋ," ಎಂದ. "ಕೆಟ್ರೆ ಹಿಂದಿನೋನಿಗೆ ಬೈಕೊಂಡು ರಿಪೇರಿ ಮಾಡ್ಕೋತಿದ್ದೆ. ಇದಕ್ಕೆ ಹಿಂದಿನೋನು ಅಂತ ಯಾರೂ ಇಲ್ಲ."